ಅಟ್ಟದಲ್ಲಿ ಸಿಕ್ಕಿದ ಅರ್ಧ ಪೈಂಟಿಂಗ್, ಪೂರ್ತಿ ಮಾಡಿಸ್ಬಹುದಾ?

ಪ್ರಶ್ನೆ: ಸರ್, ನಮ್ಮದು ಬದಿಯಡ್ಕ ಹತ್ತಿರ ಹಳೇ ಮನೆ. ಮಾಡು ರಿಪೇರಿ ಮಾಡುವಾಗ ಅಟ್ಟದಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟ ಒಂದು ಪೈಂಟಿಂಗ್ ಸಿಕ್ಕಿತು. ಹದಿನೆಂಟು ಇಪ್ಪತ್ತು ಪ್ರಾಯದ ಹುಡುಗಿ. ಮುಖ ಪೂರ್ತಿ ಆಗಿದೆ, ತುಂಬ ಚಂದ ಉಂಟು, ಸೀರೆ ಅರ್ಧಕ್ಕೆ ನಿಂತಿದೆ, ಕೈ ಬರೀ ಗೆರೆ. ಇದು ಅಜ್ಜನ ಸೋದರತ್ತೆ, ಸಣ್ಣ ಪ್ರಾಯದಲ್ಲೇ ತೀರಿಹೋದರು, ಹಾಗೆ ಚಿತ್ರ ಅರ್ಧಕ್ಕೆ ನಿಂತದ್ದು ಅಂತ ಅಜ್ಜಿ ಹೇಳ್ತಾರೆ. ಅಜ್ಜನ ಅಪ್ಪ ಹುಟ್ಟಿದ್ದು 1898ರಲ್ಲಿ, ಈ ಅತ್ತೆ ಅವರ ತಂಗಿ. ನೋಡಿದವರೊಬ್ಬರು ಇದು ರವಿವರ್ಮನದ್ದೇ ಇರ್ಬೇಕು ಅಂದ್ರು. ಕೆಳಗಿನ ಮೂಲೆಯಲ್ಲಿ ಬಣ್ಣ ಎದ್ದಿದೆ, ಬೂಷ್ಟು ಸಹ ಬಂದಿದೆ. ಗುರ್ತದ ಆರ್ಟಿಸ್ಟ್ ಒಬ್ಬರು ಕ್ಲೀನ್ ಮಾಡಿ ಸೀರೆ ಕೈ ಎಲ್ಲ ಪೂರ್ತಿ ಮಾಡಿಕೊಡ್ತೇನೆ ಅಂತಿದ್ದಾರೆ. ಕೊಡ್ಬಹುದಾ?

ಉತ್ತರ:

ಕೊಡ್ಬೇಡಿ. ಆ ಆರ್ಟಿಸ್ಟ್ ಒಳ್ಳೆಯವರೇ ಇರಬಹುದು, ಕೈ ಸಹ ಒಳ್ಳೇದೇ ಇರಬಹುದು, ಆದ್ರೂ ಬೇಡ. ಕಾರಣ ಆಮೇಲೆ ಹೇಳ್ತೇನೆ, ಅದು ಸ್ವಲ್ಪ ಉದ್ದ ಉಂಟು. ಅದಕ್ಕಿಂತ ಮೊದ್ಲು ಆ ಎದ್ದ ಬಣ್ಣದ ವಿಷಯ, ಅದು ನಿಮ್ಮ ಉತ್ತರಕ್ಕೆ ಕಾಯ್ತಾ ಕೂರುವುದಿಲ್ಲ.

ಪೈಂಟಿಂಗನ್ನು ಗೋಡೆಗೆ ಒರಗಿಸಿ ಇಟ್ಟಿದ್ರೆ ಇವತ್ತೇ ತೆಗೀರಿ. ಇಬ್ಬರು ಎರಡೂ ಬದಿ ಹಿಡಿದು, ಮುಖ ಮೇಲೆ ಮಾಡಿ, ಒಂದು ಮೇಜಿನ ಮೇಲೆ ಚಪ್ಪಟೆಗೆ ಮಲಗಿಸಿ. ಬಣ್ಣ ಎದ್ದಿರುವಾಗ ನಿಲ್ಲಿಸಿ ಇಟ್ರೆ ಉದುರಿದ ಚೂರು ಕೆಳಗೆ ಬಿದ್ದು ಕಸದೊಟ್ಟಿಗೆ ಹೋಗ್ತದೆ, ಮಲಗಿಸಿದ್ರೆ ಉದುರಿದ್ರೂ ಅಲ್ಲೇ ಇರ್ತದೆ. ಆ ಚೂರುಗಳು ಎಷ್ಟು ಸಣ್ಣದಾದ್ರೂ ಎಸೀಬೇಡಿ, ಒಂದು ಕಾಗದದ ಕವರಿನಲ್ಲಿ ಹಾಕಿ ಎಲ್ಲಿಂದ ಬಿದ್ದದ್ದು ಅಂತ ಮೇಲೆ ಬರೆದಿಡಿ. ಬ್ರಶ್ ಹಾಕ್ಬೇಡಿ, ಬಟ್ಟೆಯಲ್ಲಿ ಒರಸ್ಬೇಡಿ, ವ್ಯಾಕ್ಯೂಮ್ ಅಂತೂ ಹತ್ತಿರ ತರ್ಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೆ ಬೆವರು ಕೂತು ಬೂಷ್ಟು ಇನ್ನೂ ಹೆಚ್ಚಾಗ್ತದೆ. ಬಿಸಿಲಿಗೆ ಇಟ್ರೆ ಬೂಷ್ಟು ಹೋಗ್ತದೆ ಅಂತ ಮನೆಯಲ್ಲಿ ಯಾರಾದ್ರೂ ಹೇಳಿಯೇ ಹೇಳ್ತಾರೆ, ಹಪ್ಪಳ ಅಡಿಕೆಗೆಲ್ಲ ನಾವು ಅದನ್ನೇ ಮಾಡುವುದು ತಾನೆ, ಆದ್ರೆ ಕ್ಯಾನ್ವಾಸಿಗೆ ಬಿಸಿಲು ಬಿದ್ರೆ ಬಟ್ಟೆ ಒಂದು ಲೆಕ್ಕದಲ್ಲಿ ಎಳೀತದೆ, ಮೇಲಿನ ಬಣ್ಣದ ಪದರ ಇನ್ನೊಂದು ಲೆಕ್ಕದಲ್ಲಿ ಎಳೀತದೆ, ಈಗ ಮೂಲೆಯಲ್ಲಿ ಮಾತ್ರ ಎದ್ದದ್ದು ಮುಖದವರೆಗೆ ಬರ್ತದೆ.

ಉಪ್ಪರಿಗೆಯಲ್ಲಿ ಹೊರಗಿನ ಗೋಡೆಗೆ ತಾಗದ ಒಂದು ಕೋಣೆ ಇದ್ರೆ ಅಲ್ಲಿಡಿ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ, ಕೆಂಪುಕಲ್ಲಿನ ಗೋಡೆ ಆ ನೀರನ್ನು ಕುಡಿದು ತಿಂಗಳುಗಟ್ಟಲೆ ಇಟ್ಕೊಳ್ತದೆ. ಗಾಳಿಯ ತೇವಾಂಶ ನೂರಕ್ಕೆ ಎಪ್ಪತ್ತರ ಮೇಲೆ ಹೋಗಿ ಅಲ್ಲೇ ನಿಂತ್ರೆ ಬೂಷ್ಟು ಬರುವುದು ಗ್ಯಾರಂಟಿ, ಐವತ್ತೈದು ಅರವತ್ತರ ಹತ್ತಿರ ಇದ್ರೆ ಅದು ಸುಮ್ಮನಿರ್ತದೆ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗ್ತದೆ, ಒಂದು ತಂದು ಪಕ್ಕದಲ್ಲಿಡಿ. ಫ್ಯಾನಿನ ಗಾಳಿ ನೇರ ಬೀಳ್ಬಾರ್ದು, ಕೋಣೆಯಲ್ಲಿ ಗಾಳಿ ಆಡಿದ್ರೆ ಸಾಕು. ನುಸಿಗುಳಿಗೆ ಇಡ್ಬೇಡಿ, ಅದರ ಆವಿ ಹಳೇ ವಾರ್ನಿಶಿಗೆ ಆಗುದಿಲ್ಲ. ಬೂಷ್ಟು ಇರುವ ಬದಿ ನೋಡುವಾಗ ಮಾಸ್ಕ್ ಹಾಕ್ಕೊಳ್ಳಿ, ಮನೆಯಲ್ಲಿ ದಮ್ಮು ಕೆಮ್ಮು ಇರುವ ಹಿರಿಯರು ಇದ್ರೆ ಅವರು ಆ ಕೋಣೆಗೆ ಹೋಗುವುದು ಬೇಡ.

ಇನ್ನು ಕ್ಲೀನಿಂಗ್. ಬಟಾಟೆ ತುಂಡು, ಬ್ರೆಡ್ಡು, ಲಿಂಬೆಹುಳಿ, ಸೋಪಿನ ನೀರು, ಯಾವುದೂ ಬೇಡ, ಅದರಲ್ಲೂ ತೆಂಗಿನೆಣ್ಣೆ. ನಮ್ಮ ಊರಿನಲ್ಲಿ ಹಳೇ ಆಯಿಲ್ ಪೈಂಟಿಂಗ್ ಹಾಳಾದದ್ದರಲ್ಲಿ ದೊಡ್ಡ ಪಾಲು ತೆಂಗಿನೆಣ್ಣೆಯದ್ದು ಅಂತ ನನ್ನ ಅಭಿಪ್ರಾಯ. ಒರಸಿದ ಕೂಡ್ಲೆ ಬಣ್ಣ ಫಳಫಳ ಹೊಳೀತದೆ, ಎಲ್ಲರಿಗೂ ಖುಷಿಯಾಗ್ತದೆ. ಚಿತ್ರಕಾರರು ಬಳಸುವುದು ಅಗಸೆ ಎಣ್ಣೆ, ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರ ಆಗ್ತದೆ, ಆಯಿಲ್ ಪೈಂಟ್ ಒಣಗುವುದು ಅಂದ್ರೆ ಅದೇ. ತೆಂಗಿನೆಣ್ಣೆಗೆ ಆ ಗುಣ ಇಲ್ಲ, ಎಷ್ಟು ವರ್ಷ ಆದ್ರೂ ಅದು ಅಂಟಂಟಾಗಿಯೇ ಇರ್ತದೆ, ಧೂಳು ಹಿಡೀತದೆ, ಬೂಷ್ಟಿಗೆ ಊಟ ಆಗ್ತದೆ, ಬಿರುಕಿನೊಳಗೆ ಇಳಿದ ಮೇಲೆ ತೆಗೀಲಿಕ್ಕೆ ಯಾರಿಂದಲೂ ಆಗುದಿಲ್ಲ. ಮರದ ಪೀಠೋಪಕರಣಕ್ಕೆ ಹಾಕುವ ವಾರ್ನಿಶೂ ಹಾಗೇ, ಅದು ಹಳದಿಯಾಗಿ ಕೆಳಗಿನ ಬಣ್ಣಕ್ಕೆ ಕಚ್ಚಿಕೊಳ್ತದೆ.

ಈಗ ರವಿವರ್ಮನ ಮಾತು.

ನಿಮ್ಮ ಮನೆಯಲ್ಲಿ ಎರಡು ಮಾತು ಉಂಟು, ಒಂದು ಇದು ಅಜ್ಜನ ಅತ್ತೆ ಅಂತ, ಇನ್ನೊಂದು ಇದು ರವಿವರ್ಮನ ಕೈಕೆಲಸ ಅಂತ. ಎರಡೂ ಒಟ್ಟಿಗೆ ನಿಜ ಆಗ್ಲಿಕ್ಕೆ ಸಾಧ್ಯ ಇಲ್ಲ. ಅಣ್ಣ ಹುಟ್ಟಿದ್ದು 1898 ಆದ್ರೆ ತಂಗಿ ಅದರ ನಂತ್ರವೇ ಹುಟ್ಟಿರ್ಬೇಕು. ರವಿವರ್ಮ ತೀರಿಕೊಂಡದ್ದು 1906ರ ಅಕ್ಟೋಬರ್ 2ಕ್ಕೆ, ಆಗ ಈ ಹುಡುಗಿಗೆ ಎಂಟು ವರ್ಷವೂ ತುಂಬಿರ್ಲಿಕ್ಕಿಲ್ಲ. ಚಿತ್ರದಲ್ಲಿ ಹದಿನೆಂಟು ಇಪ್ಪತ್ತು ಕಾಣ್ತದೆ ಅಂತೀರಿ, ಹಾಗಾದ್ರೆ ಲೆಕ್ಕ 1917, 1920, ಅದಕ್ಕೂ ಈಚೆ ಬರ್ತದೆ. ಅಜ್ಜಿ ಹೇಳಿದ್ದು ಸರಿ ಅಂತಾದ್ರೆ ರವಿವರ್ಮನನ್ನು ಬಿಟ್ಟುಬಿಡಿ. ರವಿವರ್ಮನೇ ಅಂತಾದ್ರೆ ಚಿತ್ರದಲ್ಲಿರುವವರು ಬೇರೆ ಯಾರೋ. ನನಗೆ ಕೇಳಿದ್ರೆ ಅಜ್ಜಿಯ ಮಾತಿಗೇ ತೂಕ ಹೆಚ್ಚು, ಮನೆಯೊಳಗೆ ಬಟ್ಟೆ ಸುತ್ತಿ ಜಾಗ್ರತೆ ಮಾಡಿಟ್ಟ ಚಿತ್ರ ಸಾಧಾರಣ ಮನೆಯವರದ್ದೇ ಇರ್ತದೆ.

ರವಿವರ್ಮನ ಹೆಸರು ನಮ್ಮ ಕಡೆ ಇಷ್ಟು ಸುಲಭಕ್ಕೆ ಬಾಯಿಗೆ ಬರ್ಲಿಕ್ಕೆ ಕಾರಣ ಉಂಟು. 1870ರಲ್ಲಿ ಅವ ಕೊಲ್ಲೂರು ಮೂಕಾಂಬಿಕೆಗೆ ಬಂದು ಭಜನೆ ಕೂತದ್ದು, ವಾಪಸ್ ಹೋಗುವಾಗ ಕೋಝಿಕ್ಕೋಡಿನಲ್ಲಿ ಕಿಳಕ್ಕೆ ಪಾಲಾಟ್ ಕೃಷ್ಣ ಮೆನೋನರ ಕುಟುಂಬದ ಚಿತ್ರ ಬರೆದದ್ದು, ಸಂಬಳಕ್ಕೆ ಬರೆದ ಮೊದಲ ಕೆಲಸ ಅದೇ, ಇದೆಲ್ಲ ಅವನ ಜೀವನದಲ್ಲಿ ಬರುವ ಸಂಗತಿ. ಆ ದಾರಿ ನಮ್ಮ ಕರಾವಳಿಯದ್ದು. ಮತ್ತೆ ಅವನ ಅಚ್ಚು ಚಿತ್ರಗಳು. 1894ರಲ್ಲಿ ಬೊಂಬಾಯಿಯ ಘಾಟ್‌ಕೋಪರಿನಲ್ಲಿ ಪ್ರೆಸ್ ಹಾಕಿದ, ಆಮೇಲೆ ಅದು ಲೋನಾವಳ ಹತ್ತಿರದ ಮಾಳವಲಿಗೆ ಹೋಯಿತು, 1901ರಲ್ಲಿ ಜರ್ಮನ್ ಟೆಕ್ನಿಶಿಯನ್ ಶ್ಲೈಖರಿಗೆ ಮಾರಿದ, ಲಕ್ಷ್ಮಿ ಸರಸ್ವತಿ ಎಲ್ಲ ಮನೆಮನೆಯ ಚಾವಡಿಗೆ ಬಂದದ್ದು ಅಲ್ಲಿಂದ. ಹಾಗಾಗಿ ಸೀರೆ ಉಟ್ಟ ಚಂದದ ಹೆಂಗಸಿನ ಹಳೇ ಚಿತ್ರ ಎಲ್ಲಿ ಕಂಡ್ರೂ ರವಿವರ್ಮ ಅನ್ನುವುದು ಒಂದು ಅಭ್ಯಾಸ ಆಗಿಹೋಗಿದೆ.

ಕೆಳಗೆ ರವಿವರ್ಮ ಅಂತ ಸಹಿ ಉಂಟಾ ನೋಡಿ. ಇದ್ರೆ ಖುಷಿ ಪಡುವ ಬದ್ಲು ಸ್ವಲ್ಪ ಅನುಮಾನ ಪಡಿ. ಸಹಿ ಹಾಕುವುದು ಕೆಲಸ ಮುಗಿದ ಮೇಲೆ, ಸೀರೆ ಅರ್ಧ ಇರುವಾಗ ಯಾರು ಸಹಿ ಹಾಕ್ತಾರೆ? ಅಪೂರ್ಣ ಚಿತ್ರದಲ್ಲಿ ಎದ್ದು ಕಾಣುವ ಸಹಿ ಇದ್ರೆ ಅದು ಹೆಚ್ಚಾಗಿ ಮಾರುವವರು ಯಾರೋ ಆಮೇಲೆ ಸೇರಿಸಿದ್ದು.

ಚಿತ್ರ ಯಾವ ಕಾಲದ್ದು ಅಂತ ತಿಳೀಲಿಕ್ಕೆ ಮುಖಕ್ಕಿಂತ ಬೆನ್ನು ಹೆಚ್ಚು ಉಪಕಾರಕ್ಕೆ ಬರ್ತದೆ. ಬಣ್ಣ ಎದ್ದಿರುವ ಕಾರಣ ಈಗ ತಿರುಗಿಸಿ ಮಲಗಿಸ್ಬೇಡಿ, ಇಬ್ಬರು ಮೆಲ್ಲ ಎತ್ತಿ ಹಿಡಿದಿರುವಾಗ ಮೂರನೆಯವರು ಕೆಳಗಿಂದ ಮೊಬೈಲಿನಲ್ಲಿ ಫೋಟೊ ತೆಗೀಲಿ. ಕ್ಯಾನ್ವಾಸಿನ ಹಿಂದೆ ವಿಲಾಯತಿ ಕಂಪೆನಿಯ ಮುದ್ರೆ ಇರ್ತದೆ ಕೆಲವು ಸಲ, ವಿನ್ಸರ್ ಅಂಡ್ ನ್ಯೂಟನ್, ರೌನಿ, ರೀವ್ಸ್, ಹೀಗೆ. ಮುದ್ರೆಯ ವಿಳಾಸ ಮತ್ತು ಅಕ್ಷರದ ಶೈಲಿ ನೋಡಿ ಯಾವ ದಶಕ ಅಂತ ಹೇಳ್ಲಿಕ್ಕೆ ಆಗ್ತದೆ. ಬಟ್ಟೆಯನ್ನು ಮರದ ಚೌಕಟ್ಟಿಗೆ ಹೊಡೆದದ್ದು ಸಣ್ಣ ಮೊಳೆಯಲ್ಲಾ ಸ್ಟೇಪ್ಲರ್ ಪಿನ್ನಿನಲ್ಲಾ, ಮೊಳೆಯ ಸುತ್ತ ತುಕ್ಕು ಬಟ್ಟೆಗೆ ಇಳಿದಿದೆಯಾ, ಚೌಕಟ್ಟಿನ ಮೂಲೆಯಲ್ಲಿ ಬೆಣೆ ಉಂಟಾ, ಎಲ್ಲ ಫೋಟೊದಲ್ಲಿ ಬರ್ಲಿ. ಬೆಣೆಯನ್ನು ಬಡೀಲಿಕ್ಕೆ ಹೋಗ್ಬೇಡಿ. ಲ್ಯಾಬಿಗೆ ಹೋದ್ರೆ ಬಿಳಿ ಬಣ್ಣ ಯಾವುದು ಅಂತ ನೋಡ್ತಾರೆ, ಸೀಸದ ಬಿಳಿ ಮತ್ತು ಸತುವಿನ ಬಿಳಿ ಹಳೇದು, ಟೈಟಾನಿಯಂ ಬಿಳಿ ಚಿತ್ರಕಾರರ ಟ್ಯೂಬಿಗೆ ಬಂದದ್ದು 1920ರ ಆಸುಪಾಸಿನಲ್ಲಿ. ಮುಖದ ಮೂಲ ಬಣ್ಣದಲ್ಲೇ ಟೈಟಾನಿಯಂ ಸಿಕ್ಕಿದ್ರೆ ರವಿವರ್ಮನ ವಾದ ಅಲ್ಲಿಗೇ ಮುಗಿಯಿತು.

ನಿಜವಾಗಿ ಇದು ಪೈಂಟಿಂಗ್ ಹೌದಾ ಅಂತ ಸಹ ಒಂದ್ಸಲ ನೋಡ್ಬೇಕು. ತಪ್ಪು ತಿಳ್ಕೊಳ್ಬೇಡಿ. ಫೋಟೊ ದೊಡ್ಡದು ಮಾಡಿ ಅದರ ಮೇಲೆ ಬಣ್ಣ ಹಚ್ಚುವ ಪದ್ಧತಿ ಸ್ಟುಡಿಯೋಗಳಲ್ಲಿ ತುಂಬ ಇತ್ತು, ಕಾಗದವನ್ನು ಬಟ್ಟೆಗೆ ಅಂಟಿಸಿದ್ರೆ ದೂರದಿಂದ ಕ್ಯಾನ್ವಾಸ್ ಹಾಗೇ ಕಾಣ್ತದೆ. ಅಂಥದ್ದರಲ್ಲಿ ಬಣ್ಣ ಹಚ್ಚದೆ ಬಿಟ್ಟ ಜಾಗದಲ್ಲಿ ಫೋಟೊದ ಬೂದು ಅಥವಾ ಕಂದು ನೆರಳು ಇರ್ತದೆ, ಸೀರೆಯ ಮಡಿಕೆ ಸಹ ಫೋಟೊದ್ದೇ ಕಾಣ್ತದೆ. ನಿಮ್ಮದರಲ್ಲಿ ಕೈ ಬರೀ ಗೆರೆ ಅಂದ್ರಿ, ಹಾಗಾಗಿ ಇದು ಬರೆದದ್ದೇ ಅಂತ ನನಗೆ ಕಾಣ್ತದೆ. ಆದ್ರೂ ಭೂತಗನ್ನಡಿಯಲ್ಲಿ ನೋಡಿ.

ಮತ್ತೆ ಅದು ಅಪೂರ್ಣವಾ ಅಥವಾ ಪೂರ್ತಿ ಇದ್ದದ್ದು ಅಳಿಸಿಹೋದದ್ದಾ? ಅಟ್ಟದಲ್ಲಿ ಇಷ್ಟು ಕಾಲ ಹೊಗೆ ತಿಂದು, ಮಾಡು ಸೋರಿದ ನೀರು ತಿಂದು, ಎರಡೂ ಆಗಿರಬಹುದು. ಬಿಟ್ಟ ಜಾಗದ ಅಂಚನ್ನು ನೋಡಿ. ಬಣ್ಣ ಉದುರಿ ಹೋದ ಅಂಚು ಮುರಿದ ಹಾಗೆ ಇರ್ತದೆ, ಮೇಲಿನ ಪದರ, ಕೆಳಗಿನ ಬಿಳಿ ಅಸ್ತರು (ಬಣ್ಣ ಹಾಕುವ ಮೊದ್ಲು ಬಟ್ಟೆಗೆ ಬಳಿಯುವ ಪದರ), ಅದರ ಕೆಳಗೆ ಬಟ್ಟೆ, ಮೆಟ್ಟಿಲು ಮೆಟ್ಟಿಲಾಗಿ ಕಾಣ್ತದೆ. ಚಿತ್ರಕಾರನೇ ಬಿಟ್ಟ ಅಂಚು ಹಾಗಿರುದಿಲ್ಲ, ಬ್ರಶ್ಶಿನ ಎಳೆ ಎಳೆ ಗುರುತು ತೆಳ್ಳಗಾಗ್ತಾ ಹೋಗಿ ನಿಲ್ತದೆ, ಅದರಾಚೆ ಅಸ್ತರು ಸರಿಯಾಗಿಯೇ ಇರ್ತದೆ, ಅದರ ಮೇಲೆ ಪೆನ್ಸಿಲ್ಲಿನದ್ದೋ ತೆಳು ಕಂದು ಬಣ್ಣದ್ದೋ ಗೆರೆ ಇರ್ತದೆ. ರಾತ್ರಿ ಲೈಟೆಲ್ಲ ಆರಿಸಿ ಒಂದು ಟಾರ್ಚನ್ನು ಪಕ್ಕದಿಂದ ಕ್ಯಾನ್ವಾಸಿಗೆ ಸಮವಾಗಿ ಹಿಡೀರಿ, ಬಣ್ಣದ ಏರುತಗ್ಗು ಎಲ್ಲ ಎದ್ದು ಬರ್ತದೆ, ಅದರ ಫೋಟೊ ಸಹ ತೆಗೀರಿ. ನೀರಿನಲ್ಲಿ ಹಾಳಾದದ್ದು ಕೆಳಗಿನ ಮೂಲೆ ಮಾತ್ರವಾ ಇಲ್ಲ ಸೀರೆಯ ಭಾಗವೂ ಉಂಟಾ ಅಂತ ಇದರಲ್ಲೇ ಗೊತ್ತಾಗ್ತದೆ.

ಅಪೂರ್ಣ ಅಂತಲೇ ಆದ್ರೆ, ಮುಖ ಮುಗಿದು ಕೈ ಸೀರೆ ಉಳಿದದ್ದರಲ್ಲಿ ದೊಡ್ಡ ಕಥೆ ಇರ್ಲೇಬೇಕು ಅಂತ ಇಲ್ಲ. ಪೋರ್ಟ್ರೇಟ್ ಮಾಡುವವರು ಮುಖವನ್ನೇ ಮೊದ್ಲು ಹಿಡಿಯುವುದು, ಎದುರು ಕೂತವರನ್ನು ಹೆಚ್ಚು ಹೊತ್ತು ಕೂರಿಸ್ಲಿಕ್ಕೆ ಆಗುದಿಲ್ಲ, ಅದರಲ್ಲೂ ಆ ಕಾಲದ ಮನೆಯ ಹೆಣ್ಣುಮಕ್ಕಳನ್ನು ಹೊರಗಿನ ಗಂಡಸೊಬ್ಬ ಎಷ್ಟು ದಿನ ಅಂತ ನೋಡ್ತಾ ಕೂರುವುದು. ಸೀರೆ, ಕುರ್ಚಿ, ಹಿಂದಿನ ಪರದೆ ಎಲ್ಲ ಆಮೇಲೆ, ಬೇರೆಯವರಿಗೆ ಆ ಸೀರೆ ಉಡಿಸಿ ಸಹ ಬರೀತಿದ್ರು. ರವಿವರ್ಮನ ಎಷ್ಟೋ ಚಿತ್ರಗಳಲ್ಲಿ ಹಿಂದಿನ ದೃಶ್ಯಕ್ಕೆ ತಮ್ಮ ರಾಜರಾಜ ವರ್ಮನ ಕೈ ಉಂಟು. ಒಡವೆ ಬರೆಯುವುದು ಎಲ್ಲದರ ಕೊನೆಗೆ, ಚರ್ಮದ ಬಣ್ಣ ಒಣಗಿದ ಮೇಲೆ, ಯಾಕಂದ್ರೆ ಚಿನ್ನದ ಹೊಳಪಿನ ಚುಕ್ಕೆ ಹಸಿ ಬಣ್ಣದ ಮೇಲೆ ನಿಲ್ಲುದಿಲ್ಲ. ಹಾಗಾಗಿ ಕತ್ತಿನಲ್ಲಿ ಕರಿಮಣಿ ಕಾಣುದಿಲ್ಲ ಅಂತ ಮದುವೆ ಆಗಿರ್ಲಿಲ್ಲ ಅಂತ ತೀರ್ಮಾನ ಮಾಡ್ಬೇಡಿ, ಅದು ಬರೀಲಿಕ್ಕೆ ಬಾಕಿ ಇದ್ದದ್ದೂ ಇರಬಹುದು. ಹಣ ಪಾವತಿ ಆಗ್ಲಿಲ್ಲ, ಚಿತ್ರಕಾರನಿಗೆ ಬೇರೆ ಊರಿನಲ್ಲಿ ಕೆಲಸ ಬಂತು, ಮಳೆ ಸುರುವಾಯ್ತು, ಇಂಥ ಸಾದಾ ಕಾರಣಕ್ಕೆ ನಿಂತ ಚಿತ್ರಗಳೇ ಹೆಚ್ಚು.

ಆದ್ರೆ ಅಜ್ಜಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನೇ ಇನ್ನೊಂದು ಕಡೆಯಿಂದ ನೋಡ್ಬೇಕು ಅಂತ ನನಗೆ ಅನಿಸ್ತದೆ. ಸಾವಿನಿಂದ ಚಿತ್ರ ನಿಂತಿತು ಅಂತ ನಿಮ್ಮ ಮನೆಯ ಕಥೆ. ಸಾವಿನಿಂದಲೇ ಚಿತ್ರ ಸುರುವಾದದ್ದೂ ಆಗಿರ್ಬಹುದಲ್ವಾ? ಎಳೇ ಪ್ರಾಯದ ಮಗಳು ತೀರಿಹೋದಾಗ ಅಪ್ಪ ಅಮ್ಮ ಇದ್ದ ಒಂದು ಸಣ್ಣ ಫೋಟೊವನ್ನು ಚಿತ್ರಕಾರನ ಕೈಗೆ ಕೊಟ್ಟು, ಇದನ್ನು ದೊಡ್ಡದು ಮಾಡಿ ಬರೆದುಕೊಡು ಅಂತ ಹೇಳುವುದು ಬಹಳ ಕಡೆ ಇತ್ತು. ವಿಯೆನ್ನಾದಲ್ಲಿ ರಿಯಾ ಮುಂಕ್ ಅಂತ ಒಬ್ಬಳು ಹುಡುಗಿ 1911ರ ಕೊನೆಗೆ ಪ್ರಾಣ ಕಳ್ಕೊಂಡಳು, ಅವಳ ಮನೆಯವರು ಅಲ್ಲಿಯ ಹೆಸರಾಂತ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಹತ್ರ ಅವಳ ಚಿತ್ರ ಬರೆಸಿದ್ರು, ಒಂದು ಸಾಲದೆ ಮತ್ತೆ ಮತ್ತೆ ಬರೆಸಿದ್ರು, ಮೂರನೆಯದು ಮುಗಿಯುವ ಮೊದ್ಲೇ 1918ರ ಫೆಬ್ರವರಿಯಲ್ಲಿ ಕ್ಲಿಮ್ಟೇ ತೀರಿಹೋದ. ಅದರಲ್ಲಿ ಸಹ ಮುಖ ಮತ್ತು ಹಿಂದಿನ ಹೂವುಗಳು ಬಣ್ಣ ತುಂಬಿ ನಿಂತಿವೆ, ಉಡುಪು ಬರೀ ಕಪ್ಪು ಗೆರೆ. ಅಲ್ಲಿ ಚಿತ್ರದಲ್ಲಿರುವವಳಿಗೆ ಮೊದ್ಲೇ ಸಾವು, ಅರ್ಧಕ್ಕೆ ನಿಂತದ್ದು ಬರೆಯುವವನ ಸಾವಿನಿಂದ.

ನಿಮ್ಮ ಚಿತ್ರ ಎದುರು ಕೂರಿಸಿ ಬರೆದದ್ದಾ ಫೋಟೊ ನೋಡಿ ಬರೆದದ್ದಾ ಅಂತ ಹುಡುಕ್ಲಿಕ್ಕೆ ಆಗ್ತದೆ, ಮತ್ತು ಅದನ್ನು ಹೇಳುವುದು ಇದೇ ಬಿಟ್ಟುಹೋದ ಭಾಗ, ಮುಗಿದ ಮುಖ ಅಲ್ಲ. ಅಸ್ತರಿನ ಮೇಲೆ ಚೌಕ ಚೌಕ ಪೆನ್ಸಿಲ್ ಗೆರೆ ಎಳೆದದ್ದು ಕಾಣ್ತದಾ ನೋಡಿ, ಸಣ್ಣ ಫೋಟೊವನ್ನು ದೊಡ್ಡದು ಮಾಡ್ಲಿಕ್ಕೆ ಆ ಚೌಕಗಳು. ಕೈಯ ಗೆರೆ ಒಂದೇ ಸಲಕ್ಕೆ, ಗಟ್ಟಿಯಾಗಿ, ತಿದ್ದದೆ ಬಂದಿದ್ರೆ ಅದು ನಕಲು ತೆಗೆದದ್ದು. ಬೆರಳು ಎರಡು ಮೂರು ಸಲ ಬೇರೆ ಬೇರೆ ಜಾಗದಲ್ಲಿ ಹುಡುಕಿ ಬರೆದ ಹಾಗಿದ್ರೆ, ಭುಜದ ಗೆರೆ ಒಂದಿಷ್ಟು ಸರಿಸಿದ್ದು ಕಂಡ್ರೆ, ಆಗ ಆ ಹುಡುಗಿ ಎದುರಿಗೆ ಕೂತಿದ್ದಾಳೆ, ಕೂತು ಕೂತು ಬಚ್ಚಿ ಕೈ ಬದಲಿಸಿದ್ದಾಳೆ, ಅವ ಅದನ್ನು ಹಿಂಬಾಲಿಸಿದ್ದಾನೆ. ಮುಖದ ಮೇಲಿನ ಬೆಳಕು ಸಹ ನೋಡಿ, ಸ್ಟುಡಿಯೋ ಫೋಟೊದಲ್ಲಿ ಬೆಳಕು ಎದುರಿನಿಂದ ಚಪ್ಪಟೆಗೆ ಬರ್ತದೆ, ಕಿಟಿಕಿ ಹತ್ರ ಕೂರಿಸಿ ಬರೆದ್ರೆ ಒಂದು ಕೆನ್ನೆಯ ನೆರಳಿನಲ್ಲಿ ಸೀರೆಯ ಬಣ್ಣದ ಛಾಯೆ ಬಿದ್ದಿರ್ತದೆ, ಕಪ್ಪು ಬಿಳುಪು ಫೋಟೊದಿಂದ ಅದನ್ನು ತಿಳೀಲಿಕ್ಕೆ ಆಗುದಿಲ್ಲ.

ಈಗ ಹೇಳಿ, ನಿಮ್ಮ ಗುರ್ತದ ಆರ್ಟಿಸ್ಟ್ ಮೊದ್ಲು ಬಣ್ಣ ಹಚ್ಚುವುದು ಎಲ್ಲಿಗೆ? ಇದೇ ಗೆರೆಗಳ ಮೇಲೆ. ಆ ಹುಡುಗಿ ಆ ದಿನ ಜೀವಂತ ಕೂತಿದ್ದಳಾ ಇಲ್ವಾ ಅಂತ ಹೇಳುವ ಒಂದೇ ಒಂದು ಸಾಕ್ಷಿ ನಿಮ್ಮ ಮನೆಯಲ್ಲಿ ಉಳಿದದ್ದು ಅದು, ಅದೇ ಮುಚ್ಚಿಹೋಗ್ತದೆ. ಆಮೇಲೆ ತೆಗೀಬಹುದಲ್ಲ ಅಂದ್ರೆ, ಹೊಸ ಆಯಿಲ್ ಬಣ್ಣ ಹಳೇ ಅಸ್ತರಿಗೆ ಇಳಿದು ಹಿಡ್ಕೊಂಡ ಮೇಲೆ ಅಡಿಯ ಪೆನ್ಸಿಲ್ ಗೆರೆಗೆ ಏನೂ ಆಗದ ಹಾಗೆ ತೆಗೆಯುವುದು ಕಷ್ಟ. ಮತ್ತೆ ಹೊಸ ಬಣ್ಣ ಒಣಗಿ ಎಳೆಯುವಾಗ ಪಕ್ಕದ ಹಳೇ ಬಣ್ಣವನ್ನೂ ಎಳೀತದೆ. ಯಾರೋ ಅರ್ಧ ಬರೆದಿಟ್ಟ ಕಾಗದಕ್ಕೆ ನಾವು ಉಳಿದರ್ಧ ಬರೆದು ಅವರದ್ದೇ ಹೆಸರು ಹಾಕಿದ ಹಾಗೆ ಅದು, ಪ್ರೀತಿಯಿಂದಲೇ ಮಾಡಿದ್ರೂ ಮುಂದೆ ಓದುವವರಿಗೆ ಮೊದಲಿನ ಮಾತು ಎಲ್ಲಿ ನಿಂತಿತ್ತು ಅಂತ ತಿಳಿಯುದಿಲ್ಲ.

ಅಪೂರ್ಣ ಅಂತ ಬೆಲೆ ಕಮ್ಮಿ ಅನ್ನುವ ಭಯ ಸಹ ಬೇಡ. ರವಿವರ್ಮನದ್ದೇ ಒಂದು ಪಾರ್ಸಿ ಹೆಂಗಸಿನ ಚಿತ್ರ ಅಪೂರ್ಣ ಉಂಟು, ಕಿಳಿಮಾನೂರು ಅರಮನೆಯಲ್ಲಿ ಇದ್ದದ್ದು, 2022ರಲ್ಲಿ ಅವನ ಹುಟ್ಟಿದ ದಿನದ ಹೊತ್ತಿಗೆ ಅದನ್ನು ಜನರಿಗೆ ತೋರಿಸಿದ್ರು, ಅಪೂರ್ಣವಾಗಿಯೇ ತೋರಿಸಿದ್ರು. ಇಟಲಿಯ ಪಾರ್ಮದಲ್ಲಿ ಲಿಯೊನಾರ್ಡೊನದ್ದು ಅನ್ನುವ ಒಂದು ಹೆಣ್ಣಿನ ತಲೆ ಉಂಟು, ಹಲಗೆಯ ಮೇಲೆ, ಮುಖ ಮಾತ್ರ ಮುಗಿದು ಕೂದಲು ಬರೀ ಬ್ರಶ್ಶಿನ ಕೆಲವು ಎಳೆತ, ಐನೂರು ವರ್ಷ ಆದ್ರೂ ಆ ಕೂದಲನ್ನು ಹಾಗೇ ಬಿಟ್ಟಿದ್ದಾರೆ. ಕ್ಲಿಮ್ಟ್ 1917ರಲ್ಲಿ ಸುರು ಮಾಡಿ ಮುಗಿಸದೆ ಹೋದ ಇನ್ನೊಂದು, ಲೀಸರ್ ಮನೆತನದ ಒಬ್ಬಳು ಹುಡುಗಿಯ ಚಿತ್ರ, ಎಷ್ಟೋ ದಶಕ ಎಲ್ಲಿದೆ ಅಂತಲೇ ಹೊರಗಿನವರಿಗೆ ಗೊತ್ತಿರ್ಲಿಲ್ಲ, 2024ರ ಏಪ್ರಿಲಿನಲ್ಲಿ ವಿಯೆನ್ನಾದಲ್ಲಿ ಮೂರು ಕೋಟಿ ಯೂರೋಗೆ ಹರಾಜಾಯ್ತು. ಅಪೂರ್ಣವೇ. ಇನ್ನೂ ಒಂದು ವಿಷಯ, ಅಷ್ಟು ದುಡ್ಡಿನ ಚಿತ್ರದಲ್ಲಿರುವುದು ಲೀಸರ್ ಹುಡುಗಿಯರಲ್ಲಿ ಯಾವಳು ಅಂತ ತಿಳಿದವರಲ್ಲೇ ಒಮ್ಮತ ಇಲ್ಲ. ನಿಮ್ಮ ಹತ್ರ ಅಜ್ಜಿ ಇದ್ದಾರೆ. ಅವರನ್ನು ಕೂರಿಸಿ ಅವರಿಗೆ ನೆನಪಿರುವಷ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅತ್ತೆಯ ಹೆಸರು, ಎಲ್ಲಿಗೆ ಮದುವೆ ಮಾಡಿ ಕೊಟ್ಟದ್ದು, ಎಂತದ್ರಲ್ಲಿ ತೀರಿದ್ದು, ಅವರಿಗೆ ಇದನ್ನು ಹೇಳಿದ್ದು ಯಾರು. ಪೈಂಟಿಂಗಿನ ಕೆಲಸ ದೀಪಾವಳಿವರೆಗೆ ಕಾದ್ರೂ ಆಗ್ತದೆ, ಇದನ್ನು ಮುಂದೆ ಹಾಕ್ಬೇಡಿ.

ಹಾಗೇ ಹಳೇ ಲೆಕ್ಕದ ಪುಸ್ತಕ, ಕಡತ, ಪೆಟ್ಟಿಗೆಯೊಳಗಿನ ಕಾಗದ ಪತ್ರ ಎಲ್ಲ ಮಾಡು ರಿಪೇರಿಯ ಗಲಾಟೆಯಲ್ಲಿ ಗುಜರಿಗೆ ಹೋಗದ ಹಾಗೆ ನೋಡ್ಕೊಳ್ಳಿ. ಚಿತ್ರಕಾರನಿಗೆ ಊಟ ಬಿಡಾರ ಕೊಟ್ಟು ಹಣ ಕೊಟ್ಟದ್ದು ಅಡಿಕೆ ಕೂಲಿಯ ಲೆಕ್ಕದ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಇರ್ತದೆ. ಆಗ ನಮ್ಮದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ, ಅದರ ನಂತ್ರ ಮದ್ರಾಸಿನಿಂದ ಬಣ್ಣ ಕ್ಯಾನ್ವಾಸ್ ತರಿಸುವುದೂ ಸುಲಭ ಆಯ್ತು, ಊರೂರು ತಿರುಗಿ ಪೋರ್ಟ್ರೇಟ್ ಮಾಡುವವರಿಗೆ ಬಂದು ಹೋಗ್ಲಿಕ್ಕೂ ಸುಲಭ ಆಯ್ತು. ನಾಟಕದ ಪರದೆ ಬರೆಯುವವರಲ್ಲಿ ಸಹ ಒಳ್ಳೇ ಮುಖ ಬರೆಯುವವರು ಇದ್ರು, ಅವರ ಹೆಸರು ಎಲ್ಲಿಯೂ ದಾಖಲಾಗ್ಲಿಲ್ಲ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅಂಥವರೊಬ್ಬರ ಹೆಸರು ಸಿಕ್ಕಿದ್ರೆ ನನ್ನ ಮಟ್ಟಿಗೆ ಅದು ರವಿವರ್ಮನ ಸಹಿಗಿಂತ ದೊಡ್ಡದು, ಇದನ್ನು ಮನಸ್ಸಿನಿಂದ ಹೇಳ್ತಿದ್ದೇನೆ.

ಮನೆಯವರಿಗೆ ಆ ಹುಡುಗಿಯನ್ನು ಪೂರ್ತಿ ರೂಪದಲ್ಲಿ ಚಾವಡಿಯಲ್ಲಿ ನೋಡ್ಬೇಕು ಅಂತ ಆಸೆ ಇರ್ತದೆ, ಅದು ತಪ್ಪಲ್ಲ. ಅದಕ್ಕೊಂದು ದಾರಿ ಉಂಟು. ಪೈಂಟಿಂಗಿನ ಒಳ್ಳೇ ಫೋಟೊ ತೆಗೆಸಿ, ಅದೇ ಅಳತೆಗೆ ಕ್ಯಾನ್ವಾಸ್ ಪ್ರಿಂಟ್ ಹಾಕಿಸಿ, ಆ ಪ್ರಿಂಟಿನ ಮೇಲೆ ನಿಮ್ಮ ಆರ್ಟಿಸ್ಟ್ ಸೀರೆ ಕೈ ಎಲ್ಲ ಮನಸ್ಸು ಬಂದ ಹಾಗೆ ಪೂರ್ತಿ ಮಾಡ್ಲಿ, ಹಿಂದೆ ಅವರ ಹೆಸರು ಮತ್ತು ಇಸವಿ ಬರೀಲಿ. ಅವರಿಗೂ ಬೇಜಾರಿಲ್ಲ, ಅಜ್ಜಿಗೂ ಖುಷಿ. ನಮ್ಮ ಕೆಂಪುಕಲ್ಲಿನ ಗೋಡೆಯಲ್ಲಿ ಮಳೆಗಾಲ ಪೂರ್ತಿ ನೇತಾಡುವ ಕಷ್ಟವನ್ನು ಆ ಪ್ರಿಂಟ್ ಅನುಭವಿಸ್ಲಿ, ಮೂಲ ಒಳಗಿರ್ಲಿ.

ರಿಪೇರಿಗೆ ಎಲ್ಲಿಗೆ ಅಂದ್ರೆ, ಮೈಸೂರಿನಲ್ಲಿ ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಉಂಟು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆ ಉಳಿಸುವ ಕೆಲಸ ಮಾಡುವ ಸಂಸ್ಥೆ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಉಂಟು. ಮಂಗಳೂರಿನ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ನೀವು ನೋಡಿರ್ಬಹುದು, ನಮ್ಮದೇ ಹವೆಯಲ್ಲಿ ಹಾಳಾಗ್ತಾ ಇದ್ದದ್ದನ್ನು ಉಳಿಸಿದ್ದು ಸಹ ಇಂಟ್ಯಾಕ್‌ನವರೇ, ನೋಡಿರದಿದ್ರೆ ಒಮ್ಮೆ ಹೋಗಿ ಬನ್ನಿ. ಮೊದ್ಲು ಫೋಟೊ ಮತ್ತು ಅಳತೆ ಕಳಿಸಿ ಕೇಳಿ, ವಸ್ತುವನ್ನು ತಗೊಂಡು ಓಡ್ಬೇಡಿ. ಎದ್ದ ಬಣ್ಣವನ್ನು ಕೂರಿಸುವುದು, ಬೂಷ್ಟು ತೆಗೆಯುವುದು, ಇಷ್ಟು ಮಾತ್ರ ಬೇಕು, ಹೊಸ ಬಣ್ಣ ಎಲ್ಲಿಯೂ ಸೇರಿಸ್ಬಾರ್ದು ಅಂತ ಕಾಗದದಲ್ಲೇ ಬರೀರಿ. ಕೊಂಡೋಗುವುದು ಮಳೆ ಬಿಟ್ಟ ಮೇಲೆ. ಸುಳ್ಯ ಸಂಪಾಜೆ ಮಡಿಕೇರಿ ದಾರಿಯಲ್ಲಿ ಹೋದ್ರೆ ಘಾಟಿಯಲ್ಲಿ ಕುಲುಕಾಟ ಜಾಸ್ತಿ, ಹಾಗಾಗಿ ಕ್ಯಾನ್ವಾಸಿಗೆ ಎಲ್ಲಿಯೂ ತಾಗದ ಹಾಗೆ ಒಂದು ಆಳದ ಮರದ ಪೆಟ್ಟಿಗೆ ಮಾಡಿಸಿ, ಕಾರಿನಲ್ಲಿ ಚಪ್ಪಟೆಗೆ, ಮುಖ ಮೇಲೆ. ಸುರುಳಿ ಸುತ್ತಲಿಕ್ಕೆ ಯಾರು ಹೇಳಿದ್ರೂ ಒಪ್ಬೇಡಿ, ಚೌಕಟ್ಟಿನಿಂದ ಬಿಚ್ಚಲೂಬೇಡಿ.

ಮತ್ತೆ ಒಂದು ಎಚ್ಚರಿಕೆ. ರವಿವರ್ಮ ಅನ್ನುವ ಹೆಸರು ಊರಲ್ಲಿ ಒಮ್ಮೆ ಹಬ್ಬಿದ್ರೆ ಫೋನು ಬರ್ಲಿಕ್ಕೆ ಸುರುವಾಗ್ತದೆ, ನೋಡಿ ಹೋಗ್ತೇವೆ ಅಂತ ಬರುವವರು, ಎರಡು ದಿನಕ್ಕೆ ಕೊಡಿ ಅನ್ನುವವರು, ಹೊರದೇಶಕ್ಕೆ ಮಾರಿಕೊಡ್ತೇನೆ ಅನ್ನುವವರು. ನೂರು ವರ್ಷ ದಾಟಿದ ಪೈಂಟಿಂಗ್ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸ್ಲಿಕ್ಕೆ ಇಲ್ಲ, ರವಿವರ್ಮನ ಕೃತಿಗಳು 1979ರಿಂದ ಕಲಾ ಸಂಪತ್ತು ಅಂತಲೇ ಘೋಷಣೆ ಆಗಿವೆ. ಹಾಗಾಗಿ ಯಾರ ಕೈಗೂ ಕೊಡ್ಬೇಡಿ, ಫೋಟೊ ಸಹ ವಾಟ್ಸ್ಯಾಪ್ ಗ್ರೂಪಿಗೆ ಹಾಕ್ಬೇಡಿ.

ನನಗೆ ಮುಂದಿನ ಸಲ ಬರೆಯುವಾಗ ಈ ನಾಲ್ಕು ಫೋಟೊ ಇರ್ಲಿ, ಬೆನ್ನಿನದ್ದು ಪೂರ್ತಿ, ಕೈಯ ಗೆರೆ ಹತ್ತಿರದಿಂದ, ಟಾರ್ಚ್ ಪಕ್ಕದಿಂದ ಹಿಡಿದು ತೆಗೆದದ್ದು, ಮತ್ತೆ ಎದ್ದ ಮೂಲೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೀರಿ. ಸುತ್ತಿಟ್ಟಿದ್ದ ಆ ಹಳೇ ಪಂಚೆಯನ್ನು ಸಹ ಒಗೀಲಿಕ್ಕೆ ಹಾಕ್ಬೇಡಿ, ಉದುರಿದ ಬಣ್ಣದ ಚೂರು ಅದರಲ್ಲಿ ಅಂಟಿಕೊಂಡಿರುವ ಸಾಧ್ಯತೆ ಉಂಟು, ಹಾಗೇ ಮಡಚಿ ಒಂದು ಕಾಗದದ ಚೀಲದಲ್ಲಿಡಿ.